ಆರು ಕುರ್ಚಿಗಳ ಲೆಕ್ಕ

ಕುರ್ಚಿ ಎಂದೊಡನೆ ನಮಗೆ ಮೊದಲು ನೆನಪಾಗುವುದು ರಾಜಕಾರಣ. ಕುರ್ಚಿ ಹಿಡಿದವರು, ಕುರ್ಚಿ ಕಳೆದುಕೊಂಡವರು, ಕುರ್ಚಿಗೆ ಅಂಟಿಕೊಂಡವರು ದಿನವೂ ಪತ್ರಿಕೆಯಲ್ಲಿ ಸಿಗುತ್ತಾರೆ. ಅರಬಿಯ ‘ಕುರ್ಸಿ’ ಪಾರಸಿಯ ಮೂಲಕ ಈ ನಾಡಿಗೆ ಬಂದು ಮರಾಠಿಯಲ್ಲಿ ‘ಖುರ್ಚಿ’, ಕನ್ನಡದಲ್ಲಿ ‘ಕುರ್ಚಿ’ ಆಯಿತು. ಮೂಲದಲ್ಲಿ ಆ ಪದಕ್ಕೆ ಪೀಠ, ಸಿಂಹಾಸನ ಎಂಬ ಅರ್ಥವೂ ಇದೆ. ಆದ್ದರಿಂದಲೋ ಏನೋ, ಊಟದ ಮನೆಯ ಸಾದಾ ಕುರ್ಚಿಯಲ್ಲೂ ಸಿಂಹಾಸನದ ಒಂದು ಅಂಶ ಉಳಿದುಬಿಟ್ಟಿದೆ. ಯಾರು ಕೂರಬೇಕು, ಯಾರು ನಿಲ್ಲಬೇಕು, ಯಾರ ಎದುರು ಯಾವ ಕುರ್ಚಿ ಇಡಬೇಕು ಎಂಬುದನ್ನು ಬರೆಯದ ಕಾನೂನೊಂದು ನಮ್ಮೆಲ್ಲರ ಮನೆಗಳಲ್ಲಿ ನಡೆಸುತ್ತಿದೆ. ಈ ಲೇಖನ ಆ ಸಾದಾ ಕುರ್ಚಿಗಳ ಕುರಿತು.

ನಾವಿರುವುದು ಕಾಗವಾಡದಲ್ಲಿ. ಜಿಲ್ಲೆ ಬೆಳಗಾವಿಯಾದರೂ ಮದುವೆ, ಆಸ್ಪತ್ರೆ, ಬಟ್ಟೆಬರೆಗೆಲ್ಲ ಮಿರಜ, ಸಾಂಗ್ಲಿಯೇ ನಮಗೆ ಹತ್ತಿರ. ಕಳೆದ ವರ್ಷ ಮಿರಜದ ಒಂದು ಮನೆಯವರು ನಮ್ಮ ಮನೆಯ ಹುಡುಗಿಯನ್ನು ನೋಡಲು ಬರುವವರಿದ್ದರು. ಬರುವವರು ಒಂಬತ್ತು ಮಂದಿ ಎಂದು ತಿಳಿದ ಕೂಡಲೇ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಹುಡುಗನ ನಡತೆಯದ್ದಲ್ಲ, ಓದಿನದ್ದೂ ಅಲ್ಲ. ‘ಅವರನ್ನು ಎಲ್ಲಿ ಕೂರಿಸುವುದು?’ ಎಂಬುದೇ ಮೊದಲ ಪ್ರಶ್ನೆ.

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ನೆಲದ ಮೇಲೆ ಜಮಖಾನ ಹಾಸಿ, ಅದರ ಮೇಲೆ ದಸ್ತರ್‌ಖಾನ್ ಬಿಚ್ಚಿದರೆ ಒಂಬತ್ತು ಜನವಿರಲಿ, ಹತ್ತೊಂಬತ್ತು ಜನವಿರಲಿ, ಎಲ್ಲರೂ ಹಿಡಿಯುತ್ತಿದ್ದರು. ಪಕ್ಕದ ಲಿಂಗಾಯತರ, ಜೈನರ ಮನೆಗಳಲ್ಲೂ ಸಾಲಾಗಿ ನೆಲದ ಮೇಲೆಯೇ ಪಂಕ್ತಿ. ಈಗ ಮೊಣಕಾಲು ನೋವಿನವರು ಹೆಚ್ಚಿದ್ದಾರೆ, ಪ್ಯಾಂಟು ತೊಡುವವರೂ ಹೆಚ್ಚಿದ್ದಾರೆ. ಮೇಜು, ಕುರ್ಚಿ ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನೆಲದಿಂದ ಹದಿನೆಂಟು ಅಂಗುಲ ಮೇಲೇರುವಾಗ ನಾವು ಏನೇನನ್ನು ಜೊತೆಗೆ ಮೇಲೇರಿಸಿಕೊಂಡೆವು ಎಂಬುದನ್ನು ವಿಚಾರಿಸಬೇಕಾಗಿದೆ.

ಹೊಸದೇ ತರೋಣ ಎಂದು ಮನೆಯ ಅರ್ಧ ಮಂದಿ ಹೇಳಿದರು. ಮೇಜಿನ ಸುತ್ತ ಇಡುವ ಆರು ಕುರ್ಚಿಗಳಿಗೆ ಅಂಗಡಿಯವರು ಹೇಳಿದ ಬೆಲೆ ಇಪ್ಪತ್ತನಾಲ್ಕು ಸಾವಿರ. ಕೈಯಲ್ಲಿ ಅಷ್ಟು ಇರಲಿಲ್ಲ. ‘ಕಂತಿನ ಮೇಲೆ ಕೊಡತೀವಿ’ ಎಂದರು. ಹೆಂಗಸರ ಗುಂಪಿನ ಹೆಸರಿನಲ್ಲಿ ವಾರದ ಕಂತಿನ ಸಾಲವೂ ಸಿಗುತ್ತಿತ್ತು. ಇಂಥ ಸಾಲಗಳ ಕತೆ ನಮಗೆ ಗೊತ್ತಿಲ್ಲದ್ದಲ್ಲ. ಬೆಳಗಾವಿ ಜಿಲ್ಲೆಯೂ ಸೇರಿ ರಾಜ್ಯದ ಹಲವೆಡೆ ಕಿರುಸಾಲದ ವಸೂಲಿಗಾರರ ಕಾಟ ಎಷ್ಟಾಯಿತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲೆಂದೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆಮೇಲೆ ಅದು ಕಾಯ್ದೆಯೂ ಆಯಿತು. ಬೀಜ, ಗೊಬ್ಬರ, ಔಷಧಿಗಾಗಿ ಸಾಲ ಮಾಡಿದವರ ಸಂಕಟ ಬೇರೆ. ಆದರೆ ಅರ್ಧ ದಿನ ಕುಳಿತು ಹೋಗುವವರ ಕಣ್ಣಿಗೆ ಚೆಂದ ಕಾಣಲು ಒಂದೂವರೆ ವರ್ಷ ಕಂತು ಕಟ್ಟುವುದು ಯಾವ ಲೆಕ್ಕ? ಆ ಕಂತು ಮುಗಿಯುವವರೆಗೆ ಆ ಕುರ್ಚಿಯಲ್ಲಿ ನಾವು ನೆಮ್ಮದಿಯಿಂದ ಕೂರಲಾದೀತೆ?

ಇನ್ನರ್ಧ ಮಂದಿಗೆ ಅಟ್ಟ ನೆನಪಾಯಿತು. ಅಲ್ಲಿ ಆರು ಹಳೆಯ ಸಾಗವಾನಿ ಕುರ್ಚಿಗಳಿದ್ದವು. ಅವು ಕೃಷ್ಣಾ ದಂಡೆಯ ಜುಗೂಳದಲ್ಲಿದ್ದ ನಮ್ಮ ಬಂಧುಗಳ ಮನೆಯವು. 2019ರ ಆಗಸ್ಟ್‌ನ ಮಹಾಪೂರದಲ್ಲಿ ಆ ಮನೆಯೊಳಗೆ ದಿನಗಟ್ಟಲೆ ನೀರು ನಿಂತಿತ್ತು. 2005ರಲ್ಲಿ ನೋಡಿದ್ದನ್ನೇ ಮತ್ತೆ ನೋಡಿದೆವು. 2021ರ ಜುಲೈನಲ್ಲಿ ಮತ್ತೊಮ್ಮೆ ಹೊಳೆ ಏರಿತು. ನೀರಿಳಿದ ಮೇಲೆ ಹಾಸಿಗೆ, ಕಪಾಟು, ಪ್ಲೈವುಡ್ಡಿನ ಸಾಮಾನೆಲ್ಲ ಉಬ್ಬಿ, ಪದರು ಪದರಾಗಿ ಬಿಚ್ಚಿ, ತಿಪ್ಪೆ ಸೇರಿದವು. ಈ ಕುರ್ಚಿಗಳ ಕೂರುವ ಹಲಗೆಯೂ ಹೋಗಿತ್ತು. ಕಾಲು, ಬೆನ್ನು ಮಾತ್ರ ಉಳಿದಿದ್ದವು. ಬಿಸಾಡಲು ಮನಸ್ಸಾಗದೆ ನಮ್ಮ ಅಟ್ಟಕ್ಕೆ ಹಾಕಿದ್ದರು.

ಅವನ್ನು ಇಳಿಸಿದಾಗ ಮನೆಯ ಹಿರಿಯಾಕೆ ಒಬ್ಬರು ಒಂದು ಮಾತು ಕೇಳಿದರು. ಅದೇ ಈ ಲೇಖನಕ್ಕೆ ಕಾರಣ. ‘ಹಳೇದಕ್ಕೆ ಬಣ್ಣ ಬಳಿದು ಹೊಸದರಂತೆ ತೋರಿಸುವುದು ಬಂದವರಿಗೆ ಮಾಡುವ ಮೋಸವಲ್ಲವೇ? ಇದ್ದದ್ದು ಇದ್ದ ಹಾಗೆ ತೋರಿಸಲು ನಮಗೆ ನಾಚಿಕೆ ಏಕೆ?’

ಸುಲಭದ ಪ್ರಶ್ನೆಯಲ್ಲ. ಮದುವೆಯ ಮಾತುಕತೆಯಲ್ಲಿ ಎಷ್ಟೋ ಮನೆಗಳು ಎರವಲು ಸೋಫಾ, ಬಾಡಿಗೆ ಪರದೆ, ನೆರೆಮನೆಯ ಟೀವಿ ತಂದಿಟ್ಟು ಇಲ್ಲದ ಸಿರಿಯನ್ನು ತೋರಿಸುತ್ತವೆ. ಆಮೇಲೆ ನಿಜ ತಿಳಿದಾಗ ಅದರ ಬೆಲೆ ತೆರುವವಳು ಹುಡುಗಿ. ಹಾಗಿದ್ದರೆ ಬಣ್ಣ ಬಳಿದ ಕುರ್ಚಿಯೂ ಆ ಸಾಲಿಗೇ ಸೇರುತ್ತದೆಯೆ?

ಉತ್ತರದ ಅರ್ಧ ಭಾಗ ನಮಗೆ ಸಿಕ್ಕಿದ್ದು ಊರಿನ ಒಬ್ಬ ಬಡಿಗೇರರಿಂದ. ಎಪ್ಪತ್ತು ದಾಟಿದ ಹಿರಿಯರು. ಕುರ್ಚಿಯ ಬೆನ್ನು ಹಿಡಿದು ಒಮ್ಮೆ ಅಲುಗಿಸಿ, ಕಿವಿಗೊಟ್ಟು ಕೇಳಿ, ಹೇಳಿದರು: ‘ಮರಾ ಗಟ್ಟಿ ಐತ್ರಿ ಸಾಹೇಬ್ರ. ಕೂಡಿಕಿ ಬಿಟ್ಟಾವು, ಅಷ್ಟ. ಬಣ್ಣಾ ಯಾರರೆ ಹಚ್ಚತಾರು. ಮದಲ ಅಲಗಾಡದಂಗ ಮಾಡ್ರಿ.’

ಹಳೆಯ ಕುರ್ಚಿಗಳಲ್ಲಿ ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಇಳಿಸಿ, ಪ್ರಾಣಿಗಳ ತೊಗಲಿನಿಂದ ಮಾಡಿದ ಅಂಟು ಹಾಕಿರುತ್ತಿದ್ದರು. ಆ ಅಂಟು ನೀರಿಗೆ ಸಡಿಲಾಗುತ್ತದೆ. ಮರ ಉಳಿದು ಕೂಡಿಕೆ ಬಿಟ್ಟಿದ್ದರ ಕಾರಣ ಅದೇ. ಅವರು ಒಂದೊಂದು ಕೂಡಿಕೆಯನ್ನೂ ಬಿಡಿಸಿ, ಹಳೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ ಕೆರೆದು ತೆಗೆದರು. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಾಕಿದರೆ ಅದು ಮರದೊಳಗೆ ಇಳಿಯುವುದಿಲ್ಲವಂತೆ. ಹೊಸ ಬಿಳಿ ಅಂಟು ಹಾಕಿ ಕೂಡಿಸಿ, ನಾಲ್ಕೂ ಕಾಲುಗಳ ಸುತ್ತ ಹಗ್ಗ ಬಿಗಿದು, ಹಗ್ಗದ ನಡುವೆ ಕೋಲು ತೂರಿಸಿ ತಿರುವಿ ಬಿಗಿಮಾಡಿ ಒಂದು ದಿನ ಬಿಟ್ಟರು. ಮೊಳೆ ಹೊಡೆಯೋಣವೇ ಎಂದದ್ದಕ್ಕೆ ನಕ್ಕರು. ಮೊಳೆ ಇವತ್ತು ಬಿಗಿಯುತ್ತದೆ, ನಾಳೆ ಮರ ಸೀಳುತ್ತದೆ ಎಂದರು.

ಕುರ್ಚಿಯ ಚರಿತ್ರೆಯಲ್ಲಿ ಈ ಬಿಡಿಸಿ ಕೂಡಿಸುವ ಗುಣಕ್ಕೆ ದೊಡ್ಡ ಸ್ಥಾನವಿದೆ. 1859ರಲ್ಲಿ ವಿಯೆನ್ನಾದ ಮಿಖಾಯೆಲ್ ಥೋನೆಟ್‌ನ ಕಾರ್ಖಾನೆ ಹೊರತಂದ 14ನೇ ಸಂಖ್ಯೆಯ ಕುರ್ಚಿಯಲ್ಲಿ ಇದ್ದದ್ದು ಹಬೆಯಲ್ಲಿ ಬಾಗಿಸಿದ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಸಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಜಗತ್ತಿನ ಚಹಾ, ಕಾಫಿ ಅಂಗಡಿಗಳನ್ನೆಲ್ಲ ಅದು ತುಂಬಿತು. ಒಂದು ತುಂಡು ಮುರಿದರೆ ಅದನ್ನಷ್ಟೇ ಬದಲಿಸಬಹುದಿತ್ತು. 1972ರಲ್ಲಿ ಫ್ರಾನ್ಸಿನ ಹೆನ್ರಿ ಮಸೊನೆ ಇಡಿಯ ಕುರ್ಚಿಯನ್ನು ಒಂದೇ ಅಚ್ಚಿನಲ್ಲಿ, ಒಂದೆರಡು ನಿಮಿಷದಲ್ಲಿ ಎರಕ ಹೊಯ್ಯುವ ಪ್ಲಾಸ್ಟಿಕ್ ಕುರ್ಚಿಯನ್ನು ಮಾಡಿದ. ಅದರ ಸಂತತಿಯೇ ಇಂದು ನಮ್ಮ ಮದುವೆ ಮಂಟಪ, ಮಸೀದಿಯ ಅಂಗಳ, ಗ್ರಾಮಸಭೆಗಳಲ್ಲೆಲ್ಲ ಇರುವುದು. ಅಗ್ಗವಾಗಿದ್ದರಿಂದ ಬಡವನೂ ಕುರ್ಚಿಯ ಮೇಲೆ ಕೂತ. ಅದು ಸಣ್ಣ ಉಪಕಾರವಲ್ಲ. ಆದರೆ ಒಂದೇ ತುಂಡಾದ್ದರಿಂದ ಒಂದು ಕಾಲು ಮುರಿದರೆ ಇಡೀ ಕುರ್ಚಿ ಸತ್ತಂತೆ. ಅದಕ್ಕೆ ಬಡಿಗೇರನ ಹಂಗಿಲ್ಲ, ಬಡಿಗೇರನಿಗೆ ಅದರಿಂದ ಅನ್ನವೂ ಇಲ್ಲ.

ದುರಸ್ತಿ ಎಂಬುದು ಬಡವರ ಅನಿವಾರ್ಯ ಎಂದು ನಾವು ತಿಳಿದಿದ್ದೇವೆ. ಅದೂ ಪೂರ್ತಿ ನಿಜವಲ್ಲ. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿನ ಕುಶಲಿಗಳ ಬಳಿಗೆ ಹಳೆಯ ವಾದ್ಯಗಳೂ ದುರಸ್ತಿಗೆ ಬರುತ್ತವೆ. ಅಜ್ಜನ ತಂಬೂರಿಯನ್ನು ಸರಿಪಡಿಸಿ ತಂದವನನ್ನು ಯಾರೂ ಬಡವ ಎನ್ನುವುದಿಲ್ಲ, ರಸಿಕ ಎನ್ನುತ್ತಾರೆ. ಅಜ್ಜನ ಕುರ್ಚಿಯನ್ನು ಸರಿಪಡಿಸಿದವನು ಮಾತ್ರ ಜಿಪುಣನಾಗುತ್ತಾನೆ. ಎಂದರೆ ನಾಚಿಕೆ ಇರುವುದು ದುರಸ್ತಿಯಲ್ಲಲ್ಲ, ಅಂಗಡಿಯ ಕಣ್ಣಿನಿಂದ ನಮ್ಮ ಮನೆಯನ್ನು ನಾವೇ ನೋಡುವುದರಲ್ಲಿ. ಪ್ರವಾದಿ ಮುಹಮ್ಮದರು ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರು ಎಂಬುದನ್ನು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಶರಣರ ಕಾಯಕದ ಮಾತನ್ನು ನೆರೆಯವರು ಅಷ್ಟೇ ಅಭಿಮಾನದಿಂದ ಹೇಳುತ್ತಾರೆ. ಮನೆಗೆ ಬೀಗರಾಗುವವರು ಬರುತ್ತಾರೆಂದರೆ ಇಬ್ಬರೂ ಅಂಗಡಿಗೇ ಓಡುತ್ತೇವೆ.

ಮೋಸದ ಪ್ರಶ್ನೆಗೆ ಮರಳೋಣ. ಪ್ರವಾದಿಯವರ ಜೀವನದ ಒಂದು ಪ್ರಸಂಗ ಬಹುತೇಕ ಓದುಗರಿಗೆ ಗೊತ್ತಿದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಅವರು ಕೈ ಇಳಿಸಿದಾಗ ಒಳಗೆ ಒದ್ದೆ ತಗುಲಿತು. ಮಳೆಗೆ ನೆನೆದ ಕಾಳನ್ನು ವ್ಯಾಪಾರಿ ಒಣಗಿದ ಕಾಳಿನಡಿ ಅಡಗಿಸಿದ್ದ. ನೆನೆದದ್ದನ್ನು ಜನ ನೋಡುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಅವನನ್ನು ಕೇಳಿದರು. ಇಲ್ಲಿ ತಪ್ಪು ಮೇಲಿನ ಕಾಳು ಒಣಗಿದ್ದುದಲ್ಲ. ಕೊಳ್ಳುವವನಿಗೆ ತಟ್ಟುವ ನಷ್ಟವನ್ನು ಮರೆಮಾಡಿದ್ದು ತಪ್ಪು.

ಈ ಅಳತೆಯನ್ನು ಕುರ್ಚಿಗೆ ಹಿಡಿದು ನೋಡಿದರೆ ಗೆರೆ ಸ್ಪಷ್ಟವಾಗುತ್ತದೆ. ಹುಳು ಕೊರೆದ ಕಾಲಿಗೆ ಮೇಣ ತುಂಬಿ, ಬಣ್ಣ ಬಳಿದು ಮಾರಿದರೆ ಅದು ನೆನೆದ ಕಾಳು. ಕೂಡಿಕೆ ಬಿಟ್ಟ ಕುರ್ಚಿಗೆ ಬಣ್ಣ ಹಚ್ಚಿ ಅತಿಥಿಯನ್ನು ಕೂರಿಸಿದರೆ, ಮಾರದಿದ್ದರೂ ಅದು ನೆನೆದ ಕಾಳೇ. ಏಕೆಂದರೆ ಬೀಳುವವನು ಅವನು. ಆದರೆ ಕೂಡಿಕೆಯನ್ನು ಗಟ್ಟಿಮಾಡಿದ ಮೇಲೆ ಹಚ್ಚುವ ಬಣ್ಣ ಏನನ್ನೂ ಮರೆಮಾಡುವುದಿಲ್ಲ, ಮರವನ್ನು ಕಾಯುತ್ತದೆ. ಬಡಿಗೇರರು ಹೇಳಿದ ಕೆಲಸದ ಕ್ರಮವೇ ನೀತಿಯ ಕ್ರಮವೂ ಆಗಿತ್ತು: ಮೊದಲು ಗಟ್ಟಿತನ, ಆಮೇಲೆ ಚೆಂದ. ಇನ್ನೊಂದು ಷರತ್ತೂ ಇದೆ. ಕೇಳಿದಾಗ ನಿಜ ಹೇಳಲು ನಾವು ಸಿದ್ಧರಿರಬೇಕು. ಕೇಳಿದರೆ ಸುಳ್ಳು ಹೇಳಬೇಕಾಗುವ ಅಲಂಕಾರವೆಲ್ಲ ಮೋಸವೇ.

ಅಗ್ಗದ ಕೆಲಸದಲ್ಲಿ ಇನ್ನೊಂದು ಅಪಾಯವಿದೆ, ಅದನ್ನೂ ಹೇಳಿಬಿಡಬೇಕು. ಹಳೆಯ ಬಣ್ಣವನ್ನು ಪಾಲಿಶ್ ಪೇಪರಿನಿಂದ ಒಣಗಿದಂತೆಯೇ ತಿಕ್ಕಿ ತೆಗೆಯುವುದು ನಮ್ಮಲ್ಲಿ ರೂಢಿ. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವ ಸಂಭವ ಬಹಳ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದ ಧೂಳು ಮಕ್ಕಳ ಮೈಸೇರಿದರೆ ಮಿದುಳಿನ ಬೆಳವಣಿಗೆಗೇ ಕುತ್ತು. ಆದ್ದರಿಂದ ನೀರು ಚಿಮುಕಿಸಿ ಒದ್ದೆಯಾಗಿಯೇ ತಿಕ್ಕಬೇಕು, ಮೂಗುಬಾಯಿಗೆ ಮಾಸ್ಕ್ ಬೇಕು, ಮಕ್ಕಳು ಹತ್ತಿರ ಇರಬಾರದು, ಕೆಸರನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ನಾವು ಮೊದಲ ಕುರ್ಚಿಯನ್ನು ಅಂಗಳದಲ್ಲಿ ಒಣಗಿದಂತೆಯೇ ತಿಕ್ಕಿದೆವು, ಪಕ್ಕದಲ್ಲಿ ಮಕ್ಕಳು ಆಡುತ್ತಿದ್ದರು. ಇದು ತಿಳಿದದ್ದು ಆಮೇಲೆ. ನಾಲ್ಕು ಕಾಸು ಉಳಿಸುವ ಉತ್ಸಾಹದಲ್ಲಿ ಬೆಲೆಯನ್ನು ಬೇರೆಯವರ ಮೈಮೇಲೆ ಹಾಕಿಬಿಡುವುದು ಇಷ್ಟು ಸುಲಭ.

ಬೇರೆಯವರ ಮೈಮೇಲೆ ಹಾಕಿದ ಇನ್ನೊಂದು ಬೆಲೆಯ ಕತೆ ಇದೆ. ನಿಜವಾಗಿ ಹೇಳಬೇಕಾದದ್ದು ಅದನ್ನೇ.

ಕೂರುವ ಹಲಗೆಗೆ ಹೊಸ ಪ್ಲೈವುಡ್ ತುಂಡು ಕತ್ತರಿಸಿ ಹಾಕಿಸಿದೆವು, ಅದರ ಮೇಲೆ ತೆಳು ಫೋಮು. ಹೊದಿಕೆಗೆ ರೆಕ್ಸಿನ್ ಬೇಡ, ಕೌದಿ ಇರಲಿ ಎಂದುಕೊಂಡೆವು. ಉತ್ತರ ಕರ್ನಾಟಕದಲ್ಲಿ ಕೌದಿ ಇಲ್ಲದ ಮನೆ ಅಪರೂಪ. ಹಳೆಯ ಸೀರೆ, ಧೋತರಗಳನ್ನು ಪದರವಾಗಿ ಹಾಸಿ, ಬಣ್ಣದ ತುಂಡುಗಳನ್ನು ಕೂಡಿಸಿ, ಒತ್ತೊತ್ತಾಗಿ ದಾರ ಓಡಿಸಿ ಹೊಲಿಯುವ ಹೊದಿಕೆ ಅದು. ಹಳೆಯದಕ್ಕೆ ಹೊಸ ಜೀವ ಕೊಡುವ ವಿದ್ಯೆ ಇಲ್ಲಿನ ಹೆಂಗಸರಿಗೆ ಯಾವ ಅಂಗಡಿಯೂ ಕಲಿಸಬೇಕಾಗಿಲ್ಲ. ಮನೆಯ ಎರಡು ಹಳೆಯ ಇಳಕಲ್ ಸೀರೆ ಕೊಟ್ಟು, ಓಣಿಯ ಒಬ್ಬ ವಿಧವೆಗೆ ಆರು ಹೊದಿಕೆ ಹೊಲಿಯಲು ಹೇಳಿದೆವು. ಅವರು ಒಂದಕ್ಕೆ ನೂರು ರೂಪಾಯಿ ಕೇಳಿದರು. ನಾವು ಚೌಕಾಸಿ ಮಾಡಿ ಎಪ್ಪತ್ತಕ್ಕೆ ಇಳಿಸಿದೆವು. ಇಳಿಸಿದ ಮೇಲೆ ನಮಗೆ ಸ್ವಲ್ಪ ಸಂತೋಷವೂ ಆಯಿತು.

ಕೆಲಸ ಮುಗಿದ ರಾತ್ರಿ ಲೆಕ್ಕ ಬರೆದೆವು. ಬಡಿಗೇರರ ಒಂದು ದಿನದ ಕೂಲಿ 900. ಪ್ಲೈವುಡ್ ತುಂಡು 600. ಅಂಟು 120. ಪಾಲಿಶ್ ಪೇಪರ್ 100. ಪ್ರೈಮರ್, ಬಣ್ಣ 700. ಫೋಮು 900. ಹೊಲಿಗೆ 420. ಒಟ್ಟು 3,740 ರೂಪಾಯಿ. ಇಪ್ಪತ್ತನಾಲ್ಕು ಸಾವಿರದ ಜಾಗದಲ್ಲಿ ಇಷ್ಟೇ! ಮನೆಯಲ್ಲಿ ಎಲ್ಲರಿಗೂ ಹಿಗ್ಗು.

ಆದರೆ ಹುಡುಗಿ ಆ ಚೀಟಿಯನ್ನು ನೋಡಿ, ಒಂದು ಹೊದಿಕೆಗೆ ಅವರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದಳು. ಸುಮಾರು ಐದು ತಾಸು ಎಂದು ಅವರೇ ಹೇಳಿದ್ದರು. ಆರಕ್ಕೆ ಮೂವತ್ತು ತಾಸು. ನಾಲ್ಕುನೂರಾ ಇಪ್ಪತ್ತನ್ನು ಮೂವತ್ತರಿಂದ ಭಾಗಿಸಿದರೆ ತಾಸಿಗೆ ಹದಿನಾಲ್ಕು ರೂಪಾಯಿ. ಎಂಟು ತಾಸಿಗೆ ಒಂಬೈನೂರು ಪಡೆದ ಬಡಿಗೇರರಿಗೆ ತಾಸಿಗೆ ನೂರಾ ಹನ್ನೆರಡು ಬಿದ್ದಿತ್ತು. ಅವರೊಂದಿಗೆ ನಾವು ಚೌಕಾಸಿ ಮಾಡಿರಲಿಲ್ಲ. ಬಡಿಗೇರರು ದುಬಾರಿ ಎಂದಲ್ಲ, ಅವರ ಕೂಲಿ ನ್ಯಾಯವಾದದ್ದೇ. ಪ್ರಶ್ನೆ ಇಷ್ಟೇ: ಉಳಿಯ ಕೆಲಸ ‘ಕಸಬು’, ಸೂಜಿಯ ಕೆಲಸ ‘ಹೊತ್ತು ಕಳೆಯೋದು’ ಎಂದು ನಮಗೆ ಹೇಳಿದವರು ಯಾರು? ಇನ್ನು ತಿಕ್ಕಿ, ತೊಳೆದು, ಬಣ್ಣ ಹಚ್ಚಿದ ನಮ್ಮ ಮನೆಯ ಇಬ್ಬರು ಹೆಂಗಸರ ಎಂಟು ಮಧ್ಯಾಹ್ನಗಳಂತೂ ಆ ಚೀಟಿಯಲ್ಲಿ ಇರಲೇ ಇಲ್ಲ.

ಅಗ್ಗ ಎಂದು ನಾವು ಕರೆಯುವ ಎಷ್ಟೋ ಕೆಲಸಗಳು ಅಗ್ಗವಲ್ಲ. ಯಾರದೋ ದುಡಿಮೆಯನ್ನು ಬರೆಯದೆ ಬಿಟ್ಟದ್ದರಿಂದ ಹಾಗೆ ಕಾಣುತ್ತವೆ. ಹೊಲಿದವರಿಗೂ ಬಡಿಗೇರರಷ್ಟೇ ಕೊಟ್ಟಿದ್ದರೆ ಹೊಲಿಗೆಗೆ 3,360 ಆಗುತ್ತಿತ್ತು, ಒಟ್ಟು 6,680. ಹೊಸ ಕುರ್ಚಿಗಳ ಬೆಲೆಯ ಮೂರನೇ ಒಂದರಷ್ಟೂ ಅಲ್ಲ. ಎಂದರೆ ನಮ್ಮ ಚೌಕಾಸಿ ಅಗತ್ಯದಿಂದ ಹುಟ್ಟಿದ್ದಲ್ಲ. ಕೇಳಲಾರದವರ ಹತ್ತಿರ ಕೇಳಬಹುದು ಎಂಬ ಅಭ್ಯಾಸದಿಂದ ಹುಟ್ಟಿದ್ದು. ಪೋಲು ಮಾಡುವುದು ತಪ್ಪು ಎಂದು ನಾವು ಸದಾ ಹೇಳುತ್ತೇವೆ. ಪೋಲಾಗದಂತೆ ಉಳಿಸಿದ್ದು ಯಾರ ಪಾಲಿನದು ಎಂದು ಕೇಳುವುದಿಲ್ಲ.

ಅವರು ಹೊದಿಕೆ ತಂದುಕೊಟ್ಟ ದಿನದ ಇನ್ನೊಂದು ಸಂಗತಿ. ಹೊದಿಕೆಗಳನ್ನು ಕಟ್ಟಿ ಕುರ್ಚಿಗಳನ್ನು ಸಾಲಾಗಿ ಇಟ್ಟೆವು. ಹಸಿರು, ಕೆಂಪು, ದಾಳಿಂಬೆ ಬಣ್ಣದ ತುಂಡುಗಳು ಕಣ್ಣಿಗೆ ಹಬ್ಬದಂತಿದ್ದವು. ‘ಕೂತು ನೋಡ್ರಿ, ಹ್ಯಾಂಗಾಗೇತಿ’ ಎಂದು ಮನೆಯವರು ಹೇಳಿದರು. ಅವರು ಒಂದು ಕುರ್ಚಿಯ ಅಂಚನ್ನು ಕೈಯಿಂದ ಸವರಿ, ‘ಇರಲಿ ಬಿಡ್ರಿ ಭಾಭೀ, ನನಗ ಇಲ್ಲೇ ಬರೋಬರಿ’ ಎಂದು ಬಾಗಿಲ ಬಳಿ ನೆಲದ ಮೇಲೆ ಕೂತರು. ತಮ್ಮದೇ ಹೊಲಿಗೆಯ ಮೇಲೆ ಅವರು ಕೂರಲಿಲ್ಲ. ನಾವೂ ಎರಡನೇ ಸಲ ಹೇಳಲಿಲ್ಲ. ಚಹಾವನ್ನು ಅಲ್ಲಿಗೇ ಕೊಟ್ಟೆವು.

ಇಲ್ಲಿಂದ ಕೊಲ್ಲಾಪುರ ದೂರವಲ್ಲ. ಅಲ್ಲಿ 1902ರಲ್ಲೇ ಸರ್ಕಾರಿ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಶಾಹು ಮಹಾರಾಜರು, ಅಸ್ಪೃಶ್ಯರೆನಿಸಿಕೊಂಡಿದ್ದ ಗಂಗಾರಾಮ ಕಾಂಬಳೆಯವರಿಗೆ ಚಹಾದ ಅಂಗಡಿ ಹಾಕಿಸಿಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ. ತಾವೇ ಅಲ್ಲಿ ಹೋಗಿ ಎಲ್ಲರೆದುರು ಚಹಾ ಕುಡಿದರು, ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ದುಡ್ಡು ಕೊಟ್ಟರೆ ಅಂಗಡಿ ಆಗುತ್ತದೆ, ಜೊತೆಗೆ ಕೂತು ಕುಡಿದರೆ ಮಾತ್ರ ಆ ಅಂಗಡಿ ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಾವು ಸಮಾನತೆಯ ಮಾತನ್ನು ಸಾಲು ಸಾಲಾಗಿ ಕೇಳಿ ಬೆಳೆದವರು. ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಲ್ಲುವವರು. ಆದರೆ ಮನೆಯಲ್ಲಿ ಬಂದವರಿಗೊಂದು ಕುರ್ಚಿ, ಕೆಲಸದವರಿಗೊಂದು ಮೂಲೆ. ಕುರ್ಚಿಗೆ ಹೊಸ ರೂಪ ಕೊಟ್ಟೆವು, ಕೂರಿಸುವ ರೀತಿಗೆ ಯಾವ ಪಾಲಿಶ್ ಪೇಪರ್ ಹಿಡಿದಿದ್ದೆವು?

ಇಲ್ಲೊಂದು ಆಕ್ಷೇಪ ಬರಬಹುದು. ಬಡವರು ತೇಪೆ ಹಾಕಿದ್ದರಲ್ಲೇ ತೃಪ್ತರಾಗಿರಲಿ ಎಂದು ಉಪದೇಶಿಸುವುದು ಉಳ್ಳವರಿಗೆ ಅನುಕೂಲದ ಮಾತಲ್ಲವೇ ಎಂದು. ನಿಜ, ಹಾಗೆ ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಹೊಸ ಕುರ್ಚಿ ಕೊಳ್ಳುವ ಆಸೆ ಪಾಪವಲ್ಲ. ಹೊಸದನ್ನು ಮಾಡುವ ಬಡಿಗೇರನೂ ಬದುಕಬೇಕು. ನಾವು ಹೇಳುವುದು ಇಷ್ಟೆ: ಹಳೆಯದನ್ನು ಉಳಿಸಿದರೆ ಅದು ಸಾಲದ ಭಯದಿಂದಷ್ಟೇ ಆಗದೆ ವಸ್ತುವಿನ ಮೇಲಿನ ಗೌರವದಿಂದ ಆಗಲಿ. ಆ ಗೌರವ ವಸ್ತುವಿನಲ್ಲೇ ನಿಲ್ಲದೆ ಅದನ್ನು ಸರಿಪಡಿಸಿದ ಕೈಗಳಿಗೂ ಮುಟ್ಟಲಿ. ಮರವನ್ನು ಉಳಿಸಿ ಮನುಷ್ಯರನ್ನು ಸವೆಸುವ ಉಳಿತಾಯ ಉಳಿತಾಯವಲ್ಲ.

ಮಿರಜದವರು ಬಂದರು. ಅವರಲ್ಲಿನ ಹಿರಿಯರೊಬ್ಬರು ಕುರ್ಚಿಯ ಬೆನ್ನನ್ನು ತಟ್ಟಿ ನೋಡಿ ಎಲ್ಲಿ ತಂದಿರಿ ಎಂದು ಕೇಳಿದರು. ನಾವು ಒಂದು ಕ್ಷಣ ತಡವರಿಸಿದೆವು. ಹುಡುಗಿಯೇ ಹೇಳಿದಳು: ಜುಗೂಳದಲ್ಲಿ ಹೊಳೆಯ ನೀರು ಕುಡಿದವು, ನಾವೇ ಸರಿಮಾಡಿದೆವು, ಹೊದಿಕೆ ಹೊಲಿದವರು ಪಕ್ಕದ ಓಣಿಯವರು. ಹಿರಿಯರು ಸಾಂಗ್ಲಿಯಲ್ಲಿ ತಮ್ಮ ತಂಗಿಯ ಮನೆಗೆ ನೀರು ಹೊಕ್ಕ ಕತೆ ತೆಗೆದರು. ಅರ್ಧ ತಾಸು ಮಹಾಪೂರದ ಮಾತೇ ಆಯಿತು. ಸಂಬಂಧ ಕೂಡಿತೋ ಇಲ್ಲವೋ ಎಂಬುದು ಈ ಲೇಖನದ ವಿಷಯವಲ್ಲ.

ಅದಾದ ವಾರದಲ್ಲಿ ಉಳಿದ ಹಣವನ್ನು ಕೊಡಲು ಹೊಲಿದವರ ಮನೆಗೆ ಹೋದೆವು. ಅವರು ಸಂತೋಷಪಟ್ಟಾರು, ನಮ್ಮ ಮನಸ್ಸೂ ಹಗುರಾದೀತು ಎಂದುಕೊಂಡಿದ್ದೆವು. ಅವರು ಹಣವನ್ನು ಎಣಿಸಿ, ಸೀರೆಯ ಸೆರಗಿಗೆ ಕಟ್ಟಿಕೊಂಡು, ನಗದೆ ಹೇಳಿದರು: ‘ಮುಂದಿನ ಸಲ ಮದಲ ಹೇಳ್ರಿ ಭಾಭೀ. ಅಂದ್ರ ನಾನೂ ಮದಲ ಹೇಳತೇನಿ.’

ಲೆಕ್ಕದ ಚೀಟಿಯಲ್ಲಿ ಹೊಲಿಗೆಯ ಸಾಲನ್ನು ತಿದ್ದಿ ಬರೆದಿದ್ದೇವೆ. ಇಬ್ಬರು ಹೆಂಗಸರ ಎಂಟು ಮಧ್ಯಾಹ್ನಗಳ ಸಾಲು ಇನ್ನೂ ಖಾಲಿ ಇದೆ.